ಭಾವನಿಗೊಂದು ಸೆಕೆಂಡ್ ಹ್ಯಾಂಡ್ ಕಾರು

ಹಾಸನದಲ್ಲಿ ಗ್ಯಾರೇಜು ಇಟ್ಟಮೇಲೆ ಹಳೇ ಕಾರು ನೋಡೋಕೆ ಬಾ ಅಂತ ಕರೆಯೋರಿಗೆ ಬರವಿಲ್ಲ, ನೋಡಿ ಬೇಡ ಅಂದರೆ ಮುಖ ಊದಿಸಿಕೊಳ್ಳೋರಿಗೂ ಬರವಿಲ್ಲ. ಈ ಸಲ ಕರೆದದ್ದು ಮಾತ್ರ ಅರಕಲಗೂಡಿನ ನನ್ನ ಭಾವ. ಅವರ ಎರಡು ಕಿಡ್ನಿಯೂ ಕೈಕೊಟ್ಟಿವೆ. ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಹಾಸನಕ್ಕೆ ಬರಬೇಕು, ವಾಪಸ್ ಹೋಗುವಾಗ ಬಸ್ಸಲ್ಲಿ ಕಂಬಿ ಹಿಡಿದು ನಿಲ್ಲೋ ಶಕ್ತಿ ಇರಲ್ಲ. ಅದಕ್ಕೇ ಅಂತ ಅಕ್ಕ ಈ ವಯಸ್ಸಲ್ಲಿ ಡ್ರೈವಿಂಗ್ ಕಲಿತಳು.

"ಅರ್ಧ ದಾರೀಲಿ ನಿಲ್ದೇ ಇರೋ ಗಾಡಿ ನೋಡಪ್ಪ. ಇವ್ರನ್ನ ರಸ್ತೇಲಿ ಕೂರುಸ್ಕಂಡು ನಾನೊಬ್ಳೇ ಏನ್ ಮಾಡ್ಲಿ?" ಅಂದಳು.

ಎಷ್ಟೋ ಗಾಡಿ ನೋಡಿದ್ದೀನಿ. ನಂಗೆ ಹೆದರಿಕೆ ಆಗಿದ್ದು ಇದೇ ಮೊದಲು.

ವಾರದಿಂದ ನಿಂತ ಗಾಡಿ

ಹೊಳೆನರಸೀಪುರದ ಬ್ರೋಕರ್ ಒಬ್ಬ, "ವಾರದಿಂದ ಸ್ಟಾರ್ಟೇ ಮಾಡಿಲ್ಲ ಸಾ, ಈಗ ನೋಡಿ, ಒಂದೇ ಸಲಕ್ಕೆ ಎದ್ದೇಳ್ತದೆ" ಅಂದ.

ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೇನೇ ಗಾಡಿಯ ಯೋಗ್ಯತೆ ತಿಳಿಯೋದು. ಬಾನೆಟ್ ಮೇಲೆ ಕೈಯಿಟ್ಟರೆ ರೊಟ್ಟಿ ಹೆಂಚು!

"ಬಿಸಿ ಐತಲ್ಲಯ್ಯಾ?"

"ಬಿಸ್ಲು ಸಾ."

ಗಾಡಿ ನಿಂತಿದ್ದು ಶೆಡ್ಡಿನ ಒಳಗೆ. ಭಾವ ನನ್ನ ಹೆಗಲು ಹಿಡಕೊಂಡು, "ಜ್ವರ ಬಂದಿರ್ಬೇಕು ಕಣ್ಲಾ ಅದುಕ್ಕೆ. ಒಂದೇ ಮನೇಲಿ ಇಬ್ರು ರೋಗಿಗಳು ಬ್ಯಾಡ, ನಡಿ" ಅಂದರು.

ಸೆಂಟು ಹೊಡೆದ ಗಾಡಿ

ಚನ್ನರಾಯಪಟ್ಟಣದ ಗಾಡಿ ಮದುವೆ ಗಂಡಿನ ಹಾಗೆ ಘಮಘಮ ಅಂತಿತ್ತು. ಇಷ್ಟು ಸೆಂಟು ಯಾಕಪ್ಪಾ ಅಂತ ಅನುಮಾನ ಬಂದು ಮ್ಯಾಟ್ ಎತ್ತಿದೆ. ಕೆಳಗೆ ಒಣಗಿದ ಕೆಸರು.

"ತ್ವಾಟಕ್ಕೆ ಓಗಿದ್ದೆ ಸಾ, ಕಾಲಲ್ಲಿ ಬಂದಿರೋದು" ಅಂದ ಮಾಲೀಕ.

ನಾನು ಸೀಟ್ ಬೆಲ್ಟನ್ನ ಪೂರ್ತಿ ಹೊರಗೆಳೆದೆ. ಅದರ ತುದಿಯಲ್ಲೂ ಕೆಸರು. ಗಾಡಿ ಯಾವುದೋ ನೀರಲ್ಲಿ ಮುಳುಗಿ ಎದ್ದಿತ್ತು.

"ಬೆಲ್ಟೂ ತ್ವಾಟಕ್ಕೆ ಓಗಿತ್ತಾ?" ಅಂದೆ. ಅವನು ಆಕಾಶ ನೋಡಿದ.

ಹೊಗೆಸೊಪ್ಪು ಬೆಳೆದ ಕೈ ಭಾವನದು. ಮಣ್ಣನ್ನ ಬೆರಳಲ್ಲಿ ಉಜ್ಜಿ, "ಭೂಮಿ ಪರ್ವಾಗಿಲ್ಲ ಕಣ್ಲಾ, ಕಾರೇ ಸರಿಯಿಲ್ಲ" ಅಂದರು.

ಬರೋ ದಾರಿಯಲ್ಲಿ ಅವರ ಕಾಲು ಊದಿಕೊಂಡಿತ್ತು. ಅಕ್ಕ ಒತ್ತುತ್ತಾ ಕೂತಳು.

ಗ್ಯಾರಂಟಿ ಇರೋ ಗಾಡಿ

ಕೊನೇದು ಹಾಸನದಲ್ಲೇ. ಗಾಡಿ ತೋರಿಸಿದ್ದು ಒಬ್ಬ ವಯಸ್ಸಾದ ತಾಯಿ. "ನಮ್ಮೆಜಮಾನ್ರುದಪ್ಪಾ. ಅವ್ರು ಓಗ್ಬುಟ್ಮೇಲೆ ಸುಮ್ನೆ ನಿಂತದೆ" ಅಂದರು.

ಅಕ್ಕ ನನ್ನ ಅಂಗಿ ಜಗ್ಗಿದಳು. "ಸತ್ತೋರ ಗಾಡಿ ಬ್ಯಾಡ ಕಣೋ."

ಭಾವ ಕೇಳಿಯೇ ಬಿಟ್ಟರು. "ಏನಾಗಿತ್ತು ತಾಯಿ ಅವ್ರಿಗೆ?"

"ಕಿಡ್ನಿ. ಡಯಾಲಿಸಿಸ್ಸಿಗೆ ಓಡಾಡಕ್ಕೇ ಅಂತ ತಕಂಡಿದ್ದು ಇದ್ನ."

ಅಕ್ಕ ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. "ನಡೀರಿ ಭಾವ, ಬೇರೆ ನೋಡಾನ" ಅಂದೆ. ಅವರು ಕದಲಲಿಲ್ಲ.

"ಎಷ್ಟು ವರ್ಷ ಓಡಾಡುದ್ರು ಇದ್ರಲ್ಲಿ?"

"ಹನ್ನೊಂದು ವರ್ಷ."

ಭಾವನ ಮುಖ ಅರಳಿತು. ಕಾಯಿಲೆ ಬಿದ್ದಮೇಲೆ ಆ ಮುಖ ನಾನು ನೋಡಿರಲಿಲ್ಲ. "ಹನ್ನೊಂದು ವರ್ಷ ಕಣ್ಲಾ! ಇಂಥಾ ಗ್ಯಾರಂಟಿ ಯಾವ ಶೋರೂಮ್ನೋನು ಕೊಟ್ಟಾನು? ಇದೇ ಇರ್ಲಿ."

ನಾನಿನ್ನೂ ಬಾನೆಟ್ಟೇ ಎತ್ತಿರಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ಹಿಂದಿನ ಸೀಟಲ್ಲಿ ಭಾವನ ಪಕ್ಕ ಕೂತಳು. ಬೀದಿ ತುದಿವರೆಗೂ ಓಡಿಸಿ ನೋಡಿದೆ.

"ಭಾವ, ಇದರ ಕ್ಲಚ್ಚು ಓಗೈತೆ."

"ಓಗ್ಲಿ ಬುಡ್ಲಾ," ಅಂದರು ಭಾವ. "ಅದಾದ್ರೆ ಅಂಗ್ಡೀಲಿ ಸಿಕ್ತದೆ."