ಭಾವನ ಬಾಯಿಯ ‘ಲಾಯ್ಕುಂಟು’

ನನ್ನ ಭಾವ, ಅಂದರೆ ಅಕ್ಕನ ಗಂಡ, ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಮುಚ್ಚಿಸಿದಷ್ಟು ಹೋಟೆಲುಗಳನ್ನು ಯಾವ ಇನ್‌ಸ್ಪೆಕ್ಟರನೂ ಮುಚ್ಚಿಸಿರಲಾರ! ಹಾಗೆಂದು ಅವರು ಜಗಳಗಂಟರಲ್ಲ. ಸಾಂಬಾರಿನಲ್ಲಿ ನೊಣ ಹುಡುಕುವ ಜಾತಿಯೂ ಅಲ್ಲ. ಅವರು ಮಾಡುವುದು ಒಂದೇ ಕೆಲಸ. ಹೊಟ್ಟೆ ತುಂಬ ತಿಂದು, ಕೈ ತೊಳೆದು, ಇಡೀ ಹೋಟೆಲಿಗೆ ಕೇಳುವಂತೆ “ಲಾಯ್ಕುಂಟು ಮಾರಾಯ್ರೆ!” ಎಂದು ಹೊಗಳುವುದು. ಅಲ್ಲಿಗೆ ಆ ಹೋಟೆಲಿನ ಆಯುಷ್ಯ ಮುಗಿಯಿತು.

ನಂಬುವುದಿಲ್ಲವೇ? ನಾನೂ ಮೊದಲು ನಂಬಿರಲಿಲ್ಲ.

ಭಾವನದು ಪಂಪ್‌ಸೆಟ್ ರಿಪೇರಿಯ ಕಸುಬು. ಜನರ ತೋಟದ ಪಂಪು ಕೆಡುವುದು ಯಾವಾಗಲೂ ಭಾವನ ಊಟದ ಹೊತ್ತಿಗೇ. ಹಾಗಾಗಿ ಈ ಸೀಮೆಯಲ್ಲಿ ಅವರು ತಿನ್ನದ ಹೋಟೆಲಿಲ್ಲ. ಕಾಣಿಯೂರಿನಲ್ಲಿ ಒಂದು ಚಾ ಅಂಗಡಿಯಿತ್ತು. ಅಲ್ಲಿಯ ಬನ್ಸ್ ತಿಂದ ಭಾವ ಸುಮ್ಮನೆ ‘ಲಾಯ್ಕುಂಟು’ ಎಂದು ಎದ್ದು ಬರಬಾರದಿತ್ತೇ? “ಲಾಯ್ಕುಂಟು ಮಾರಾಯ್ರೆ! ಇಂಥ ಬನ್ಸ್ ಮಾಡುವವರು ಇಡೀ ಊರನ್ನೇ ನಡೆಸಬಹುದು!” ಎಂದುಬಿಟ್ಟರು. ಅಂಗಡಿಯವನಿಗೆ ಮಾತು ನೆತ್ತಿಗೇರಿತು. ಪಂಚಾಯತಿ ಚುನಾವಣೆಗೆ ನಿಂತ. ಗೆದ್ದೂಬಿಟ್ಟ! ಈಗ ಅವನ ಜೊತೆ ಮಾತಾಡಲು ಕಾಯಬೇಕು. ಬನ್ಸಂತೂ ಕಾದರೂ ಸಿಗುವುದಿಲ್ಲ.

ಕಡಬದಲ್ಲಿ ಕೇರಳದ ಕಡೆಯವರೊಬ್ಬರ ಹೋಟೆಲಿತ್ತು. ಬೇಯಿಸಿದ ಮರಗೆಣಸು, ಕೆಂಪು ಮೀನುಸಾರು. ಭಾವ ತಿಂದರು, ಬೆವರಿದರು, ಮೂಗು ಒರೆಸಿಕೊಂಡರು, ನೆಟ್ಟಗೆ ಅಡುಗೆಮನೆಗೇ ನುಗ್ಗಿ ಅಡುಗೆಯವನ ಕೈ ಹಿಡಿದರು. “ಲಾಯ್ಕುಂಟು! ನೀನಿಲ್ಲದಿದ್ರೆ ಈ ಹೋಟೆಲೇ ಇಲ್ಲ ಮಾರಾಯ!” ಅಡುಗೆಯವನು ರಾತ್ರಿಯೆಲ್ಲ ಯೋಚಿಸಿದನೋ ಏನೋ, ಮರುವಾರ ಮಂಗಳೂರಿಗೆ ಹೊರಟುಹೋದ. ಹೋಟೆಲು ನಿಜವಾಗಿಯೂ ಇಲ್ಲವಾಯಿತು. ಈಗ ಆ ಕೋಣೆಯಲ್ಲಿ ಮೊಬೈಲಿನ ಕವರು ಮಾರುತ್ತಾರೆ.

ಸಂಪಾಜೆಯದ್ದಂತೂ ಕೇಳಲೇಬೇಡಿ. ಭಾವ ‘ಲಾ’ ಎಂದರು, ಕರೆಂಟು ಹೋಯಿತು. ‘ಯ್ಕುಂಟು’ ಎಂದು ಮುಗಿಸುವಷ್ಟರಲ್ಲಿ ಹಿಂದಿನ ಹಲಸಿನ ಮರ ಅಡುಗೆಮನೆಯ ಮೇಲೆ! ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಆಲೆಟ್ಟಿಯ ನಮ್ಮ ನೆಂಟರು ಭಾವನ ಸ್ಕೂಟರಿನ ಸದ್ದು ಕೇಳಿದರೆ ಚಂದದ ಕರುವನ್ನು ದನದ ಹಟ್ಟಿಯ ಹಿಂದೆ ಕಟ್ಟಿ ಬರುತ್ತಾರೆ. ನಾನೊಮ್ಮೆ ಧೈರ್ಯ ಮಾಡಿ ಹೇಳಿಯೇ ಹೇಳಿದೆ.

“ಭಾವ, ನಿಮ್ಮ ಬಾಯಿ ತಾಗ್ತದೆ ಅಂತ ಊರಿಡೀ ಸುದ್ದಿ ಉಂಟು.”

“ಅದು ನನ್ನ ಬಾಯಿ ಅಲ್ಲ ಮಾರಾಯ, ಅವರ ಗ್ರಹಚಾರ. ಲಾಯ್ಕಿದ್ದದ್ದನ್ನು ಲಾಯ್ಕುಂಟು ಅಂತ ಹೇಳದಿದ್ರೆ ಈ ಬಾಯಿ ಇರುದು ಎಂತಕ್ಕೆ?”

ಇಷ್ಟು ಧಾರಾಳದ ಬಾಯಿ ಮನೆಯಲ್ಲಿ ಮಾತ್ರ ಬೇರೆಯೇ! ನನ್ನ ಅಕ್ಕನ ಅಡುಗೆಯೆಂದರೆ ನೆಂಟರೆಲ್ಲ ನೆಪ ಹುಡುಕಿಕೊಂಡು ಬರುತ್ತಾರೆ. ಅದರಲ್ಲೂ ಅವಳ ಹುರುಳಿ ಚಟ್ನಿ ಇದ್ದರೆ ಗಂಜಿಯ ಪಾತ್ರೆ ತಳ ಕಾಣುವವರೆಗೆ ಯಾರೂ ಏಳುವುದಿಲ್ಲ. ಭಾವನೂ ಏಳುವುದಿಲ್ಲ. ಮೂರನೆಯ ಸಲ ಬಡಿಸಿಕೊಂಡು, ಬೆರಳು ನೆಕ್ಕಿ, “ಖಾರ ಹೆಚ್ಚಾಯ್ತು” ಎನ್ನುತ್ತಾರೆ. ಗಂಜಿಗೆ ಉಪ್ಪು ಕಡಿಮೆ. ಸಾರಿಗೆ ಹುಳಿ ಸಾಲದು. ಮದುವೆಯಾದಂದಿನಿಂದ ಒಂದೇ ಒಂದು ದಿನ ಆ ಬಾಯಲ್ಲಿ ‘ಲಾಯ್ಕುಂಟು’ ಬಂದದ್ದಿಲ್ಲ. “ಬಿಡು ಮಾರಾಯ, ಇವರಿಗೆ ಹೊರಗಿನದ್ದೇ ರುಚಿ” ಎಂದು ಅಕ್ಕ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಊರಿನ ಹೋಟೆಲಿನವರಿಗೆಲ್ಲ ಹಂಚುವ ಮಾತಿನಲ್ಲಿ ಒಂದನ್ನು ಹೆಂಡತಿಗೆ ಕೊಟ್ಟರೆ ಈ ಮನುಷ್ಯನ ಗಂಟೇನು ಹೋಗುತ್ತಿತ್ತು?

ಹೀಗಿರುವಾಗ ಅಕ್ಕ ಮಲಗಿದಳು. ಕಾಯಿಲೆಯ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಮಂಗಳೂರಿನ ಆಸ್ಪತ್ರೆಗೆ ಆಗಾಗ ಕರೆದುಕೊಂಡು ಹೋಗಬೇಕು, ಇಡೀ ದಿನ ಕೈಗೆ ಡ್ರಿಪ್ ಹಾಕಿಸಿ ಕೂರಬೇಕು, ರಾತ್ರಿ ಸುಳ್ಯಕ್ಕೆ ಮರಳಬೇಕು. ಕಾರು ಓಡಿಸುವವನು ನಾನು. ಆ ಮದ್ದು ಮೊದಲು ಕಿತ್ತುಕೊಂಡದ್ದು ಅವಳ ಬಾಯಿರುಚಿಯನ್ನು. ನೀರೂ ಕಹಿ. ಒಗ್ಗರಣೆಯ ವಾಸನೆಗೇ ವಾಂತಿ. ನಾಲ್ಕು ಜನ ಮಾಡುವ ಅಡುಗೆಯನ್ನು ಒಂದೇ ಕೈಯಲ್ಲಿ ಮಾಡುತ್ತಿದ್ದ ಅಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಮಡಚಿಟ್ಟ ಸೀರೆಯಷ್ಟೇ ಆಗಿದ್ದಳು. ಮದ್ದಿಗಿಂತ ಮೊದಲು ಹೊಟ್ಟೆಗೆ ಏನಾದರೂ ಹೋಗಬೇಕು, ಹೀಗೇ ಆದರೆ ಮುಂದಿನ ಡ್ರಿಪ್ ಕೊಡುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅಂಥದೊಂದು ರಾತ್ರಿ ನಾವು ಮೂವರೂ ಪುತ್ತೂರು ತಲುಪುವಾಗ ಹೊತ್ತು ಮೀರಿತ್ತು. ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು. “ಸ್ವಲ್ಪ ಗಂಜಿ ಸಿಕ್ಕಿದ್ರೆ ಕುಡೀತಿದ್ದೆ.”

ಎಷ್ಟು ದಿನಗಳ ಮೇಲೆ ಅಕ್ಕ ತಾನಾಗಿ ಕೇಳಿದ್ದು! ನಾನು ಕಾರನ್ನು ಓಡಿಸಿದ್ದಲ್ಲ, ಹಾರಿಸಿದೆ. ಆದರೆ ಎಲ್ಲಿಗೆ ಹಾರಿಸುವುದು? ಒಂದು ಹೋಟೆಲು ಶಟರು ಎಳೆಯುತ್ತಿತ್ತು. ಇನ್ನೊಂದರಲ್ಲಿ ಕುರ್ಚಿಗಳು ಮೇಜಿನ ಮೇಲೆ ಹತ್ತಿ ಮಲಗಿದ್ದವು. ಮೂರನೆಯದರಲ್ಲಿ ದೀಪವಿತ್ತು, ನೆಲ ಒರೆಸುವವನೂ ಇದ್ದ.

“ಗಂಜಿ ಉಂಟಾ?”

“ಮುಗೀತು.”

“ಅನ್ನ?”

“ಅದೂ ಮುಗೀತು.”

“ಹಾಗಾದ್ರೆ ಎಂತ ಉಂಟು ಮಾರಾಯ?”

“ಗೋಬಿ ಮಂಚೂರಿ ಉಂಟು.”

ನನಗೆ ಅಳು ಬರುವುದೊಂದು ಬಾಕಿ. ದೇವರೇ, ಇಷ್ಟು ದೊಡ್ಡ ಪೇಟೆಯಲ್ಲಿ ಒಂದು ಬಟ್ಟಲು ಗಂಜಿಗೆ ಗತಿಯಿಲ್ಲವೇ? ಸುಳ್ಯ ಮುಟ್ಟುವಷ್ಟರಲ್ಲಿ ಅವಳ ಆಸೆ ಸತ್ತೇ ಹೋಗುತ್ತದೆ. ಪಕ್ಕದಲ್ಲಿ ಕೂತ ಭಾವನ ಕಡೆ ನೋಡಿದೆ. ಊರಿನ ಹೋಟೆಲನ್ನೆಲ್ಲ ಹೊಗಳಿ ಹೊಗಳಿ ಮುಚ್ಚಿಸಿದಿರಲ್ಲ, ಈಗ ಅನುಭವಿಸಿ ಎಂದು ಕೂಗಬೇಕೆನಿಸಿತು. ಅವರ ಮುಖ ನೋಡಿ ಕಾರು ಮುಂದಕ್ಕೆ ಬಿಟ್ಟೆ.

ಅದೇ ಪೇಟೆಯ ದರ್ಬೆಯಲ್ಲಿ ಮಾತ್ರ ಇನ್ನೂ ಜೀವವಿತ್ತು. ಜ್ಯೂಸಿನ ಅಂಗಡಿಯೆದುರು ಕಾಲೇಜಿನ ಪಡ್ಡೆಗಳು, ಸಾಲು ರಿಕ್ಷಾ, ದೂರದ ಬಸ್ಸಿಗೆ ಕಾಯುವವರ ಬ್ಯಾಗುಗಳು. ರಿಕ್ಷಾದವರೊಬ್ಬರು ಒಂದು ಸಂದಿ ತೋರಿಸಿದರು. ಅದರ ಕೊನೆಯಲ್ಲಿ ಹಳೆಯ ಗೋಡೌನಿನಂಥ ಕಟ್ಟಡ, ಎರಡು ಟ್ಯೂಬ್‌ಲೈಟು, ಸೌದೆ ಒಲೆಯ ಮೇಲೆ ಹಂಡೆಯಷ್ಟು ದೊಡ್ಡ ಪಾತ್ರೆ. ಕುಚ್ಚಿಲಕ್ಕಿ ಗಂಜಿ ಕುದಿಯುತ್ತಿತ್ತು!

ಹೋಟೆಲಿನವರು ಅಕ್ಕನನ್ನು ಒಮ್ಮೆ ನೋಡಿದರು. ಫ್ಯಾನು ನಿಲ್ಲಿಸಿದರು, ಒಗ್ಗರಣೆ ಹಾಕಲು ಹೊರಟಿದ್ದ ಹೆಂಡತಿಗೆ “ಸ್ವಲ್ಪ ತಡಿ” ಎಂದರು, ಗಂಜಿ, ಎರಡು ಮಿಡಿ ಉಪ್ಪಿನಕಾಯಿ, ಒಂದು ಉಂಡೆ ಹುರುಳಿ ಚಟ್ನಿ ತಂದಿಟ್ಟರು.

ಅಕ್ಕ ಒಂದು ಚಮಚ ಕುಡಿದಳು. ಇನ್ನೊಂದು ಕುಡಿದಳು. ಬೆರಳ ತುದಿಯಲ್ಲಿ ಚಟ್ನಿ ಮುಟ್ಟಿ ನಾಲಗೆಗೆ ಇಟ್ಟುಕೊಂಡಳು. ವಾಂತಿ ಬರಲಿಲ್ಲ. ಬಟ್ಟಲು ಖಾಲಿಯಾಯಿತು! “ಇನ್ನು ಸ್ವಲ್ಪ ಹಾಕಿ” ಎಂದಳು ಅಕ್ಕ.

ನಾನು ಸಂತೋಷಪಡಬೇಕಾದ ಹೊತ್ತು. ಆದರೆ ಪಕ್ಕಕ್ಕೆ ತಿರುಗಿ ನೋಡಿದೆ. ಭಾವನೂ ಎರಡು ಬಟ್ಟಲು ಮುಗಿಸಿದ್ದರು! ಅವರ ಮುಖ ಅರಳುತ್ತಿತ್ತು, ಬಾಯಿ ತೆರೆಯುತ್ತಿತ್ತು. ಇಡೀ ಜಿಲ್ಲೆಯಲ್ಲಿ ಅಕ್ಕನ ಹೊಟ್ಟೆಗೆ ಹಿಡಿಸಿದ ಒಂದೇ ಒಂದು ಹೋಟೆಲು, ಅದೂ ಈಗ ಮುಗಿಯುತ್ತದೆ! ಮೇಜಿನಡಿಯಲ್ಲಿ ಅವರ ಕಾಲು ತುಳಿದೆ. ಅಷ್ಟರಲ್ಲಿ ಹೋಟೆಲಿನವರೇ ಬಂದು ಕೇಳಬೇಕೇ?

“ಗಂಜಿ ಹೇಗುಂಟು ಅಣ್ಣಾ?”

ಭಾವ ಬಾಯಿ ಮುಚ್ಚಿದರು. ಅಕ್ಕನ ಖಾಲಿ ಬಟ್ಟಲು ನೋಡಿದರು.

“ಎಂತ ಗಂಜಿ ಮಾರಾಯ್ರೆ ಇದು? ಉಪ್ಪೇ ಇಲ್ಲ. ಚಟ್ನಿಗೆ ಖಾರ ಹೆಚ್ಚಾಯ್ತು.”

ಹೋಟೆಲಿನವರ ಮುಖ ಇಳಿಯಿತು. ನಾನು ತುಳಿದ ಕಾಲನ್ನು ಹಿಂದೆಗೆದುಕೊಳ್ಳುವುದನ್ನೂ ಮರೆತೆ. ಅಕ್ಕ ಮಾತ್ರ ನಕ್ಕಳು, ಎಷ್ಟೋ ತಿಂಗಳ ಮೇಲೆ. “ಬೇಜಾರು ಮಾಡ್ಬೇಡಿ ಅಣ್ಣ, ಮನೆಯಲ್ಲಿ ನಂಗೂ ಇವರು ಹೀಗೇ ಹೇಳುದು” ಎಂದಳು.

ಅವಳನ್ನು ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದ ಮೇಲೆ ನಾನು ಭಾವನನ್ನು ಪಕ್ಕಕ್ಕೆ ಕರೆದೆ.

“ಹಾಗಾದ್ರೆ ನಿಮ್ಗೆ ಗೊತ್ತಿತ್ತಾ? ನಿಮ್ಮ ಬಾಯಿ ವಿಷಯ?”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು.

“ಹೋಟೆಲು ಮುಚ್ಚಿದ್ರೆ ಇನ್ನೊಂದು ಸಿಕ್ತದೆ ಮಾರಾಯ” ಎಂದರು. ಆಮೇಲೆ ಕಾರಿನ ಕಿಟಕಿಯ ಕಡೆ ನೋಡಿದರು. ಇಷ್ಟು ವರ್ಷ ಈ ಮನುಷ್ಯ ಮನೆಯಲ್ಲಿ ಹೆದರಿಕೊಂಡೇ ಉಂಡಿದ್ದರು.

ಅಕ್ಕನ ಡ್ರಿಪ್ ಇನ್ನೂ ಮುಗಿದಿಲ್ಲ. ಡಾಕ್ಟರು ಈಗಲೂ ಏನನ್ನೂ ಖಾತ್ರಿ ಮಾಡಿ ಹೇಳುವುದಿಲ್ಲ. ಬರುವಾಗೆಲ್ಲ ಆ ಸಂದಿಯಲ್ಲಿ ಕಾರು ನಿಲ್ಲಿಸುತ್ತೇವೆ, ಭಾವ ಪ್ರತಿ ಸಲವೂ ಹೊಸದೊಂದು ತಪ್ಪು ಹುಡುಕುತ್ತಾರೆ.

ಹೋಟೆಲಿನ ಹೆಸರು ಮಾತ್ರ ಕೇಳಬೇಡಿ. ಅಲ್ಲಿಯ ಗಂಜಿ ಸ್ವಲ್ಪವೂ ಲಾಯ್ಕಿಲ್ಲ. ನನ್ನ ಭಾವನೂ ಲಾಯ್ಕಿಲ್ಲದ ಮನುಷ್ಯ. ಇನ್ನು ನನ್ನ ಅಕ್ಕ, ಅವಳ ಹುರುಳಿ ಚಟ್ನಿಗೆ ಯಾವತ್ತೂ ಖಾರ ಹೆಚ್ಚು.