ಹೊಸ್ತಿಲ ಹೊರಗಿನ ಕನ್ನಡಕ

ಮುಚ್ಚಿಡುವಂಥದ್ದು ನಮ್ಮ ಮನೆಯಲ್ಲಿ ಏನೂ ಇಲ್ಲ. ಕುಷ್ಟಗಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಂಡು ಕೂತರೆ ‘ಯಾಕ್ರಿ, ಆರಾಮಿಲ್ಲೇನು?’ ಎಂದು ಓಣಿಯವರು ಬಾಗಿಲು ಬಡಿದು ಒಳಗೇ ಬರುತ್ತಾರೆ. ನನ್ನ ಬನಿಯನ್ನಿಗೆ ಎಲ್ಲೆಲ್ಲಿ ತೂತು ಬಿದ್ದಿವೆ ಎಂಬುದನ್ನು ಎದುರುಮನೆಯವರು ನನಗಿಂತ ಚೆನ್ನಾಗಿ ಬಲ್ಲರು. ಇಷ್ಟೆಲ್ಲ ಬಯಲಾದ ಮೇಲೂ ಒಂದು ಕನ್ನಡಕಕ್ಕೆ ನಾನೇಕೆ ಅಂಜಿದೆನೋ, ಇವತ್ತಿಗೂ ತಿಳಿದಿಲ್ಲ.

ಮಗಳು ಸವಿತಾಳನ್ನು ನೋಡಲು ನವಲಿಯಿಂದ ಹುಡುಗ ಮತ್ತು ಅವನ ಸೋದರಮಾವ ಬಂದಿದ್ದರು. ಒಳ್ಳೆಯ ಸಂಬಂಧ, ಕೂಡಿಬರಲೆಂದು ನಮ್ಮವಳು ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಹೊಸ್ತಿಲಲ್ಲಿ ನಿಂತು ಮಾವ ತಮ್ಮ ದಪ್ಪ ಕನ್ನಡಕದ ಕಡ್ಡಿ ಒತ್ತಿದರು. ಸಣ್ಣದೊಂದು ದೀಪ ಹತ್ತಿತು. ‘ಇದರಾಗ ಕ್ಯಾಮೆರಾ ಐತ್ರಿ. ಹುಡುಗನ ಅವ್ವಗ, ಅಂದ್ರ ನಮ್ಮ ಅಕ್ಕಗ, ಮೊಣಕಾಲ ನೋವು, ಬರಾಕ ಆಗಲಿಲ್ಲ. ನಾ ನೋಡಿದ್ದೆಲ್ಲ ಅಕಿ ಮನ್ಯಾಗ ಕುಂತು ಫೋನಿನಾಗ ನೋಡ್ತಾಳ’ ಎಂದರು.

ನನಗೆ ತಲೆ ಗಿರ್ ಎಂದಿತು. ನೋಡುವವರು ಇಬ್ಬರೋ, ಮೂವರೋ, ಇಡೀ ನವಲಿಯೋ? ಗಡಿಬಿಡಿಯಲ್ಲಿ ‘ಚಪ್ಪಲಿ ಜೋಡಿ ಕನ್ನಡಕಾನೂ ಹೊರಗ ಬಿಡ್ರಿ’ ಎಂದುಬಿಟ್ಟೆ. ದೊಡ್ಡ ಮನುಷ್ಯರು, ಬಿಟ್ಟರು. ಗೋಡೆ ಹಿಡಿದುಕೊಂಡು ಒಳಗೆ ಬಂದರು.

ಅಡುಗೆಮನೆಯಲ್ಲಿ ಹೆಂಡತಿ ಕಾದ ಹಂಚಾಗಿದ್ದಳು. ‘ನೋಡಾಕ ಬಂದವರಿಗೆ ನೋಡಬ್ಯಾಡ್ರಿ ಅಂತಾರೇನ್ರಿ? ಸಂಬಂಧ ತಪ್ಪಿತಂದ್ರ ನಿಮ್ಮನ್ನ ಬಿಡಂಗಿಲ್ಲ!’ ಮಗಳು ಇನ್ನೂ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಉಪ್ಪಿಟ್ಟು ಆರುತ್ತದೆಂದು ಹೆಂಡತಿ ತಾಟನ್ನು ನನ್ನ ಕೈಗೇ ತುರುಕಿದಳು. ಕನ್ಯಾ ನೋಡುವ ದಿನ ತಾಟು ತರುವವಳೇ ಕನ್ಯೆ ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಕೆಂಪಂಚಿನ ಶಲ್ಯ ಹೊದ್ದು, ಚೆಲ್ಲಬಾರದೆಂದು ತಲೆ ತಗ್ಗಿಸಿ, ಮೆಲ್ಲಗೆ ಹೆಜ್ಜೆ ಇಡುತ್ತ ಪಡಸಾಲೆಗೆ ಬಂದೆ.

ಮಾವ ಕಣ್ಣು ಕಿರಿದು ಮಾಡಿ, ‘ಬಾರವ್ವಾ, ನಾಚಬ್ಯಾಡ. ಎತ್ತರ ಛಲೋ ಐತಿ. ಹೆಸರೇನವಾ?’ ಎಂದರು.

‘ಬಸವರಾಜ್ರಿ’ ಎಂದೆ. ಗಾಬರಿಯಲ್ಲಿ ಮತ್ತೇನು ಹೇಳಲಿ?

‘ಮಾಮಾ, ಅವರು ಹುಡುಗಿ ಅಪ್ಪಾರು!’ ಎಂದು ಹುಡುಗ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ಹಿಡಿದ.

ಅಷ್ಟರಲ್ಲಿ ಸವಿತಾ ಬಂದಳು. ಅವಳು ನಗಲಿಲ್ಲ. ‘ಅಪ್ಪಾ, ನೋಡಾಕ ಬಂದದ್ದು ನನ್ನ. ಕ್ಯಾಮೆರಾ ಬೇಕೋ ಬ್ಯಾಡೋ ಅಂತ ನನ್ನ ಯಾರೂ ಕೇಳಲಿಲ್ಲಲ್ಲ? ಕನ್ನಡಕ ತಗೊಂಬಾ. ಅವರ ಅವ್ವಾರೂ ನೋಡ್ಲಿ. ಆದ್ರ ಅವರ ಮನೀನೂ ನನಗ ತೋರಸಬೇಕು.’

‘ಖರೆ ಐತ್ರಿ’ ಎಂದ ಹುಡುಗ. ಮಗಳ ಬಗ್ಗೆ ಹೆಮ್ಮೆಯಾಯಿತು. ಇಷ್ಟು ಸರಳವಾದ ಮಾತು ನನಗೇಕೆ ಹೊಳೆಯಲಿಲ್ಲ ಎಂದು ನಾಚಿಕೆಯೂ ಆಯಿತು.

ಹೊರಗೆ ಹೋಗಿ ಕನ್ನಡಕ ಎತ್ತಿಕೊಂಡೆ. ಕ್ಯಾಮೆರಾ ಎಲ್ಲಿ ಅಡಗಿದೆಯೆಂದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ತಿರುಗಿಸಿ ನೋಡಿದೆ. ಯಾರೂ ಇಲ್ಲವೆಂಬ ಧೈರ್ಯಕ್ಕೆ, ‘ಗಂಡಸು ಯಾರು, ಹೆಂಗಸು ಯಾರು ತಿಳಿಯದ ಮುದುಕ ಕನ್ಯಾ ಆರಸಾಕ ಬಂದಾನ!’ ಎಂದು ಗೊಣಗಿಯೂ ಬಿಟ್ಟೆ.

ಮುಂದೆ ಎಲ್ಲ ಸುಸೂತ್ರ. ಸವಿತಾ ಫೋನಿನಲ್ಲಿ ಅವರ ಮನೆಯನ್ನು ಹಿತ್ತಲತನಕ ನೋಡಿ ಒಪ್ಪಿದಳು. ಕೊನೆಗೆ ಹುಡುಗನ ತಾಯಿ ಅದೇ ಫೋನಿನಲ್ಲಿ ನನ್ನನ್ನು ಮಾತಿಗೆ ಕರೆದರು.

‘ಬೀಗರ, ಹುಡುಗಿ ಭಾಳ ಮನಸಿಗೆ ಬಂದಾಳ್ರಿ. ನಮ್ಮ ತಮ್ಮನ ಕಣ್ಣಿನ ಬಗ್ಗೆ ನೀವು ಅಂದದ್ದೂ ಖರೆನ. ಬರೇ ಚಪ್ಪಲಿ ನೋಡಿ ನೋಡಿ ಬ್ಯಾಸರಾಗಿತ್ತು, ಆಮ್ಯಾಲೆ ನೀವು ಬಂದ್ರಿ. ಒಂದ ಮಾತು, ತಪ್ಪು ತಿಳೀಬ್ಯಾಡ್ರಿ. ಮದಿವಿಗೆ ಬರೂವಾಗ ಮೂಗಿನ ಕೂದಲಾ ಕತ್ತರಿಸಿಕೊಂಡ ಬರ್ರಿ.’

ಮನೆಯ ಮಾನ ಕಾಯಲು ಹೊರಟವನು ನಾನು. ನಮ್ಮ ಮನೆಯಲ್ಲಿ ಅಷ್ಟು ಹತ್ತಿರದಿಂದ ನವಲಿಯವರ ಕಣ್ಣಿಗೆ ಬಿದ್ದದ್ದು ನನ್ನ ಮೂಗೊಂದೇ.