ಮದ್ದು ಹಾಕಿ ಆಯ್ತಾ?

ಅಣ್ಣಪ್ಪನ ಕಷ್ಟಕ್ಕೆಲ್ಲ ಕಾರಣ ಊಟದ ಹೊತ್ತಿನಲ್ಲಿ ಅವನ ಬಾಯಿಂದ ಜಾರಿದ ಒಂದೇ ಒಂದು ಮಾತು.

ನ್ಯೂಯಾರ್ಕಿನ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದ ಚಳಿಗಾಲ ಅದು. ಬ್ರಿಡ್ಜ್‌ವಾಟರಿನ ಅವನ ಆಫೀಸಿನಲ್ಲಿ ಲೇಆಫ್ ಸುದ್ದಿ ನೆಗಡಿಯಂತೆ ಮೇಜಿನಿಂದ ಮೇಜಿಗೆ ಹರಡಿತ್ತು. ಕ್ಯಾಂಟೀನಿನಲ್ಲಿ ಅವನ ಮ್ಯಾನೇಜರ್ ಡೆನಿಸ್, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬೇಟೆಯ ಬಂದೂಕೊಂದರ ಚಿತ್ರವನ್ನು ನೋಡುತ್ತಾ ಕೂತಿದ್ದ. ಅವನ ಹತ್ತಿರ ಏನಾದರೂ ಮಾತಾಡಬೇಕಲ್ಲ ಎಂದು ಅಣ್ಣಪ್ಪ, "ನಮ್ಮ ಕಡೆ ಇಂಥ ಕೋವಿ ಮನೆಮನೆಯಲ್ಲೂ ಇದೆ" ಎಂದ.

ಡೆನಿಸ್ ಸ್ಯಾಂಡ್‌ವಿಚ್ ಕೆಳಗಿಟ್ಟ. "ಹಾಗಾದರೆ ನಿನಗೆ ಲೋಡ್ ಮಾಡಲು ಬರುತ್ತದೆ."

ಅಣ್ಣಪ್ಪ ಸುಮ್ಮನಿದ್ದ. ಕೆಲವು ಸಲ ಸುಮ್ಮನಿರುವುದಕ್ಕಿಂತ ದೊಡ್ಡ ಸುಳ್ಳು ಬೇರೆ ಇರುವುದಿಲ್ಲ.

"ಶನಿವಾರ ಶೂಟಿಂಗ್ ಕ್ಲಬ್ಬಿಗೆ ಬಾ. ನಿಮ್ಮವರ ಪದ್ಧತಿ ತೋರಿಸು," ಎಂದ ಡೆನಿಸ್.

ಅಣ್ಣಪ್ಪನದು ಉಡುಪಿಯ ಹೋಟೆಲಿನವರ ಮನೆ. ಅವನು ಆವರೆಗೆ ತುಂಬಿಸಿದ್ದು ಗ್ರೈಂಡರಿಗೆ ಅಕ್ಕಿ ಮಾತ್ರ. ಕೋವಿ ನೋಡಿದ್ದು ಒಮ್ಮೆ, ಆಯುಧಪೂಜೆಯ ದಿನ, ಪಕ್ಕದ ಮನೆಯಲ್ಲಿ. ಅದೂ ಕುಂಕುಮ ಹಚ್ಚಿಕೊಂಡು ಮದುಮಗನಂತೆ ಮಣೆಯ ಮೇಲೆ ಮಲಗಿತ್ತು. ಆದರೆ ಹೆಂಡತಿ ನಿಶ್ಮಿತಾಗೆ ಈಗ ಏಳನೇ ತಿಂಗಳು. ಆಸ್ಪತ್ರೆಯ ಇನ್ಶೂರೆನ್ಸ್ ಅವನ ಕೆಲಸಕ್ಕೆ ಅಂಟಿಕೊಂಡಿತ್ತು. ಕೆಲಸವೋ ಡೆನಿಸ್‌ನ ಕೈಯಲ್ಲಿತ್ತು.

ಶನಿವಾರ ಬೆಳಿಗ್ಗೆ ಪ್ಲೇನ್ಸ್‌ಬರೋದ ಅವನ ಅಪಾರ್ಟ್‌ಮೆಂಟಿನಲ್ಲಿ ಸಭೆಯೇ ಸೇರಿತು. ಎದುರು ಮನೆಯ ಅಯೂಬ್ ಬೆಂಗಳೂರಿನವನು, ಫೋನ್ ಅಂಗಡಿ ಇಟ್ಟಿದ್ದ. ರಾತ್ರಿಯೆಲ್ಲ ಕೋವಿ ತುಂಬುವ ವಿಡಿಯೋ ನೋಡಿ ಕಣ್ಣು ಕೆಂಪಾಗಿಸಿಕೊಂಡು ಬಂದಿದ್ದ.

"ಅಣ್ಣಪ್ಪಣ್ಣ, ಸಿಂಪಲ್. ಈಗ ಮದ್ದಿನ ಪುಡಿನೇ ಬೇಕಾಗಿಲ್ಲ, ಮಾತ್ರೆ ಬಂದಿದೆ. ಎರಡು ಮಾತ್ರೆ, ಮೇಲೊಂದು ಗುಂಡು. ಕ್ರೋಸಿನ್ ನುಂಗಿದ ಹಂಗೆ."

"ಮಾತ್ರೆ ಕೋವಿಗಾ, ಕೋವಿ ಹಿಡ್ದವನಿಗಾ?" ಎಂದರು ಕೆಳಗಿನ ಮನೆಯ ಸರೋಜಿನಿ ಆಂಟಿ. ಕುಂದಾಪುರದ ಕಡೆಯವರು, ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಮಗನ ಮನೆಯಲ್ಲಿದ್ದರು. "ನಮ್ಮ ಅಪ್ಪಯ್ಯ ಹಂದಿಗೆ ಈಡು ಹೊಡಿತಿದ್ರ್. ಮದ್ದು ಹಾಕಿ, ತೆಂಗಿನ ನಾರು ತುಂಬಿ, ಗಜದ ಕೋಲಲ್ಲಿ ಜಡಿದು, ಮೇಲೆ ಗುಂಡು, ಮತ್ತೆ ನಾರು. ನಾನೇ ಬಂದ್ ತೋರಿಸ್ತೆ."

"ಆಂಟಿ, ಮದ್ದು ಹಾಕಿ ಆಯ್ತಾ?" ಒಳಗಿನಿಂದ ನಿಶ್ಮಿತಾ ಕೇಳಿದಳು. ಕಣ್ಣಿಗೆ ಮದ್ದಿನ ಹನಿ ಹಾಕುವುದನ್ನು ನೆನಪಿಸುವ ಕೆಲಸವನ್ನು ಆಂಟಿಯ ಸೊಸೆ ಅವಳಿಗೆ ವಹಿಸಿದ್ದಳು.

"ಆಯ್ತ್ ಮಾರಾಯ್ತಿ, ಇನ್ನೆಷ್ಟ್ ಸಲ ಕೇಂತೆ?"

ಅಡುಗೆಮನೆಯಲ್ಲಿದ್ದ ತೆಂಗಿನಕಾಯಿಯ ಜುಟ್ಟು ಕಿತ್ತು, ಚೀಲಕ್ಕೆ ಹಾಕಿಕೊಂಡು ಮೂವರೂ ಅಯೂಬನ ಕಾರಿನಲ್ಲಿ ಹೊರಟರು.

ಕ್ಲಬ್ಬಿನ ಬಯಲಲ್ಲಿ ಹಿಮ ಹೆಪ್ಪುಗಟ್ಟಿತ್ತು. ದೂರದಲ್ಲಿ ಕಾಗದದ ಜಿಂಕೆಯೊಂದು ಯಾವ ಆತಂಕವೂ ಇಲ್ಲದೆ ನಿಂತಿತ್ತು. ಡೆನಿಸ್ ತನ್ನ ಕೋವಿ, ಮಾತ್ರೆಯ ಡಬ್ಬಿ, ಅಳೆದ ಮದ್ದಿನ ಪ್ಲಾಸ್ಟಿಕ್ ಕೊಳವೆಗಳು, ಗುಂಡುಗಳು, ಎಲ್ಲವನ್ನೂ ಬೆಂಚಿನ ಮೇಲೆ ಜೋಡಿಸಿ ಕೈಕಟ್ಟಿ ನಿಂತ. ಪಾಠಕ್ಕೆ ಕೂತ ಹುಡುಗನ ಕುತೂಹಲ ಅವನ ಮುಖದಲ್ಲಿತ್ತು. ಅಣ್ಣಪ್ಪನಿಗೆ ಅದು ಪರೀಕ್ಷೆಗೆ ನಿಂತ ಮೇಷ್ಟ್ರ ಮುಖದಂತೆ ಕಂಡಿತು.

ಆಂಟಿ ಒಂದು ಕೊಳವೆ ಎತ್ತಿಕೊಂಡು ಮೂಸಿ ನೋಡಿದರು. ಅಣ್ಣಪ್ಪ ಬೆನ್ನು ತಿರುಗಿಸಿ, ನಾರು ಬಿಡಿಸುತ್ತಾ ಕೇಳಿದ:

"ಆಂಟಿ, ಮದ್ದು ಹಾಕಿ ಆಯ್ತಾ?"

"ಆಗಳೇ ಆಯ್ತ್ ಅಂದೆ ಅಲ್ದಾ?"

ಅಣ್ಣಪ್ಪ ನಾರು ತುರುಕಿದ. ಗಜದ ಕೋಲಿನಿಂದ ಜಡಿದ. ಗುಂಡು, ಮತ್ತೆ ನಾರು, ಮತ್ತೆ ಜಡಿತ. ಡೆನಿಸ್ ಉಸಿರು ಬಿಗಿಹಿಡಿದು ಬಾಗಿ ನೋಡುತ್ತಿದ್ದ. ಹಿಂದೆ ಮದ್ದಿಗೆ ಕಿಡಿ ಹಾರಿಸುವ ಕೇಪು ಇಟ್ಟು, ಜಿಂಕೆಗೆ ಗುರಿ ಹಿಡಿದು, ಕುಲದೇವರನ್ನು ನೆನೆದು ಅಣ್ಣಪ್ಪ ಕೋವಿಯ ಕುದುರೆ ಎಳೆದ.

'ಚಟ್' ಎಂದಿತು. ಸಾಸಿವೆ ಸಿಡಿದಷ್ಟು ಸದ್ದು. ಆಮೇಲೆ ಏನೂ ಇಲ್ಲ.

ಕೋವಿಯನ್ನು ಜಿಂಕೆಯ ಕಡೆಗೇ ಹಿಡಿದು ಅಣ್ಣಪ್ಪ ಕಲ್ಲಾದ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಡೆನಿಸ್ ಹೇಳುತ್ತಾನೆ ಎಂದು ಕಾದ. ಡೆನಿಸ್ ಅಣ್ಣಪ್ಪನ ಮುಖವನ್ನೇ ನೋಡುತ್ತಾ ಕಾದ. ಕಾಗೆಯೊಂದು ಬಂದು ಕಾಗದದ ಜಿಂಕೆಯ ನೆತ್ತಿಯ ಮೇಲೆ ಕೂತು, ಇವರಿಬ್ಬರನ್ನೂ ನೋಡಿ, ಬೇಸತ್ತು ಹಾರಿಹೋಯಿತು.

"ಇದು ನಿಮ್ಮ ಪದ್ಧತಿಯಲ್ಲಿ ಇರುವುದೇನಾ?" ಎಂದು ಡೆನಿಸ್ ಮೆಲ್ಲಗೆ ಕೇಳಿದ.

"ಸ್ವಲ್ಪ ಹೊತ್ತು ಕಾಯಬೇಕು," ಎಂದ ಅಣ್ಣಪ್ಪ. ಎಷ್ಟು ಹೊತ್ತು, ಯಾತಕ್ಕೆ ಎಂದು ಅವನಿಗೇ ತಿಳಿದಿರಲಿಲ್ಲ.

ಕೊನೆಗೆ ತಡೆಯಲಾರದೆ ಅಯೂಬ್ ಮುಂದೆ ಬಂದ. "ಅಣ್ಣ, ಆ ಕೇಪು ತೆಗೀರಿ. ಹಿಂದುಗಡೆ ತಿರುಪು ಇರುತ್ತೆ, ಬಿಚ್ಚಿದ್ರೆ ನಳಿಗೆ ಆಚೆ ಕಡೆ ತೂತಾಗತ್ತೆ. ಕೋಲಲ್ಲಿ ತಳ್ಳಿಬಿಡಿ."

ತಿರುಪು ಬಿಚ್ಚಿಕೊಂಡಿತು. ತಳ್ಳಿದಾಗ ನಾರು, ಗುಂಡು, ನಾರು ಸಾಲಾಗಿ ಈಚೆ ಬಂದವು. ಮದ್ದಿನ ಒಂದು ಕಾಳೂ ಬರಲಿಲ್ಲ.

ಅಣ್ಣಪ್ಪನಿಗೆ ಒಂದು ಕ್ಷಣ ತನ್ನ ಕಷ್ಟವೇ ಮರೆತುಹೋಯಿತು. "ಹಿಂದಿನಿಂದ ತೆರೆಯೋದಾದ್ರೆ ಮುಂದಿನಿಂದ ಯಾಕೆ ತುಂಬಬೇಕು?"

"ಲಾ ಇದೆಯಂತಣ್ಣ. ಬೇಟೆಯ ಈ ಸೀಸನ್ನಲ್ಲಿ ಬಾಯಿಂದಲೇ ತುಂಬಬೇಕು."

"ಹಿಂಬಾಗಿಲು ಇದ್ರೂ ಎದುರು ಬಾಗಿಲಲ್ಲೇ ಬರ್ಕಾ. ಒಳ್ಳೆ ಬೀಗರ ಹಾಂಗೆ ಆಯ್ತ್," ಎನ್ನುತ್ತಾ ಆಂಟಿ ಶಾಲಿನೊಳಗಿಂದ ಕೈ ಹೊರಗೆ ತೆಗೆದರು. ಮದ್ದಿನ ಕೊಳವೆ ತುಂಬಿದಂತೆಯೇ, ಮುಚ್ಚಳ ಸಮೇತ ಆ ಕೈಯಲ್ಲೇ ಇತ್ತು.

ಅಣ್ಣಪ್ಪ ಅದನ್ನೇ ನೋಡಿದ. "ಆಂಟಿ, ಹಾಕಿ ಆಯ್ತು ಅಂದ್ರಲ್ಲ."

"ಕಣ್ಣಿಗೆ ಹಾಕಿ ಆಯ್ತ್. ಕೋವಿಗೆ ಅಂತ ನೀ ಹೇಳ್ಕಲ್ದಾ? ಬೆಳಿಗ್ಗಿಂದ ಗಂಡ ಹೆಂಡ್ತಿ ಇಬ್ರೂ ಒಂದೇ ರಾಗ."

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅಣ್ಣಪ್ಪ ಡೆನಿಸ್‌ನ ಕಡೆ ತಿರುಗಿ, ತಾನು ಈ ಮೊದಲು ಕೋವಿ ಮುಟ್ಟಿದವನೇ ಅಲ್ಲ, ಕೆಲಸ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

ಡೆನಿಸ್ ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತ.

"ನಾನೂ ಮುಟ್ಟಿದವನಲ್ಲ," ಎಂದ. "ಇದನ್ನು ಮೊನ್ನೆ ಕೊಂಡೆ. ನಮ್ಮ ವೈಸ್ ಪ್ರೆಸಿಡೆಂಟರಿಗೆ ಈ ಬಂದೂಕಿನ ಹುಚ್ಚು. ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು ಎನ್ನುವುದು ಅವರ ಕೈಯಲ್ಲಿದೆ. ನಾಳೆ ಬೆಳಿಗ್ಗೆ ಇಲ್ಲಿಗೇ ಬರುತ್ತಾರೆ. ನನ್ನ ಹತ್ತಿರ ಇಂಡಿಯಾದ ಎಕ್ಸ್‌ಪರ್ಟ್ ಒಬ್ಬನಿದ್ದಾನೆ, ಹೊಸ ಪದ್ಧತಿ ತೋರಿಸುತ್ತಾನೆ ಅಂತ ಹೇಳಿಬಿಟ್ಟಿದ್ದೇನೆ. ನಿನ್ನ ಹೆಸರನ್ನೂ ಹೇಳಿದ್ದೇನೆ."

ಇಬ್ಬರೂ ಕಾಗದದ ಜಿಂಕೆಯನ್ನು ನೋಡುತ್ತಾ ಕೂತರು. ಬಹಳ ಹೊತ್ತಾದ ಮೇಲೆ ಡೆನಿಸ್ ತಗ್ಗಿದ ದನಿಯಲ್ಲಿ, "ಆ ಆಂಟಿ ನಾಳೆ ಫ್ರೀ ಇದ್ದಾರಾ, ಕೇಳು," ಎಂದ.

ಅಣ್ಣಪ್ಪ ಕೇಳಿದ.

"ನಾಳೆಯಾ?" ಎಂದರು ಆಂಟಿ, ಕಾರಿನತ್ತ ನಡೆಯುತ್ತಾ. "ನಾಳೆ ದೇವಸ್ಥಾನದಲ್ಲಿ ಭಜನೆ ಇತ್ತ್ ಮಾರಾಯ. ನೀವಿಬ್ರೂ ಕಲ್ತವರಲ್ದಾ, ನೀವೇ ಸುಧಾರಿಸಿಕೊಳ್ಳಿ."